ಉಪವಾಸ ಮತ್ತು ಪಥ್ಯದ ಸಂಶೋಧನೆಯನ್ನೇ ವೃತ್ತಿಯಾಗಿ ಆರಿಸಿಕೊಳ್ಳಬಹುದೇ?

ವಾರ್ಡಿನ ಆಹಾರತಜ್ಞೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಆಹಾರತಜ್ಞೆಯಾಗಿದ್ದೇನೆ. ಮೂತ್ರಪಿಂಡದ ತೊಂದರೆ ಇರುವವರ ಊಟದಲ್ಲಿ ಪೊಟ್ಯಾಸಿಯಂ ತಗ್ಗಿಸುವುದು, ಮೂಗಿನ ಕೊಳವೆಯಿಂದ ಆಹಾರ ಪಡೆಯುವವರಿಗೆ ಕ್ಯಾಲೊರಿ ಲೆಕ್ಕ ಹಾಕುವುದು, ಮಧುಮೇಹದವರಿಗೆ ಊಟದ ಪಟ್ಟಿ ಬರೆದುಕೊಡುವುದು, ಹೀಗೆ ದಿನ ಸಾಗುತ್ತದೆ. ಕೆಲಸದಲ್ಲಿ ಬೇಸರವೇನಿಲ್ಲ. ಆದರೆ ಈಚೆಗೆ ರೋಗಿಗಳ ಪ್ರಶ್ನೆಯೇ ಬದಲಾಗಿದೆ. "ಏನು ತಿನ್ನಲಿ" ಎನ್ನುವವರಿಗಿಂತ "ಎಷ್ಟು ಹೊತ್ತು ತಿನ್ನದೆ ಇರಲಿ" ಎನ್ನುವವರೇ ಹೆಚ್ಚು. ಹದಿನಾರು ಗಂಟೆಯ ಉಪವಾಸ, ದಿನ ಬಿಟ್ಟು ದಿನ ಉಪವಾಸ, ಬರೀ ನೀರಿನ ಉಪವಾಸ. ಅವರು ಕೇಳುವುದರಲ್ಲಿ ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಓದಲು ಕುಳಿತೆ. ಓದುತ್ತ ಹೋದಂತೆ ಇದೇ ನನ್ನ ಜೀವನದ ಕೆಲಸವಾಗಬೇಕು ಎಂಬ ಆಸೆ ಬಲಿಯುತ್ತಿದೆ.

1965-66ರಲ್ಲಿ ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ ಎಂಬ ಯುವಕ ವೈದ್ಯರ ನಿಗಾದಲ್ಲಿ 382 ದಿನ ಊಟವಿಲ್ಲದೆ ಇದ್ದ ವರದಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮೆರಿಕದ ಅಲನ್ ಗೋಲ್ಡ್‌ಹ್ಯಾಮರ್ 1984ರಲ್ಲಿ ಉಪವಾಸ ಚಿಕಿತ್ಸೆಯ ಕೇಂದ್ರ ಆರಂಭಿಸಿ, ಮುಂದೆ ಅಲ್ಲಿಗೆ ಬಂದವರ ದಾಖಲೆಗಳನ್ನೇ ಸಂಶೋಧನಾ ಲೇಖನವಾಗಿಸಿದ್ದನ್ನು ಓದಿದಾಗ, ಚಿಕಿತ್ಸೆ ಕೊಡುವವರೇ ಸಂಶೋಧಕರೂ ಆಗಬಹುದು ಎಂಬ ಧೈರ್ಯ ಬಂತು.

ಈಗ ನನ್ನ ಮುಂದೆ ಎರಡು ದಾರಿಗಳಿವೆ. ಒಂದು, ಉಪವಾಸ ಶಿಬಿರವೊಂದರಲ್ಲಿ ಸಲಹೆಗಾರ್ತಿಯ ಕೆಲಸ. ಅಲ್ಲಿ ಜನ ಐದರಿಂದ ಹದಿನಾಲ್ಕು ದಿನ ಉಳಿದು ನೀರಿನ ಉಪವಾಸ ಮಾಡುತ್ತಾರೆ. ಸಂಬಳ ಚೆನ್ನಾಗಿದೆ, ಹುದ್ದೆ ಕಾಯಂ. ಇನ್ನೊಂದು, ಕಾಲಮಿತಿ ಆಹಾರದ (ದಿನದ ಗೊತ್ತಾದ ಕೆಲವು ಗಂಟೆಗಳೊಳಗೆ ಮಾತ್ರ ಊಟ ಮಾಡುವುದರ) ಮೇಲೆ ನಡೆಯುತ್ತಿರುವ ಒಂದು ಅಧ್ಯಯನದಲ್ಲಿ ಸಹಾಯಕಿಯ ಕೆಲಸ. ಎರಡೇ ವರ್ಷದ ಒಪ್ಪಂದ, ಈಗಿನ ಸಂಬಳಕ್ಕಿಂತಲೂ ಕಡಿಮೆ. ನನಗೆ ಪಾಠ ಹೇಳಿದ ಗುರುಗಳು, "ಅದು ವೈದ್ಯರ ಕ್ಷೇತ್ರ. ನೀನು ಅಲ್ಲಿಯೂ ಕ್ಯಾಲೊರಿ ಎಣಿಸುವವಳಾಗಿಯೇ ಉಳಿಯುತ್ತೀಯ" ಎಂದರು. ಆ ಮಾತು ಮನಸ್ಸಿಗೆ ನಾಟಿಬಿಟ್ಟಿದೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಮಾರ್ಗದರ್ಶನ ಮಾಡಿ.

ಹನ್ನೆರಡನೆಯ ಹಾಳೆ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಇಪ್ಪತ್ತಮೂರು ವರ್ಷಗಳ ಹಿಂದೆ ನನಗೂ ಇದೇ ಪ್ರಶ್ನೆ ಇತ್ತು, ಕೇಳಲು ಮಾತ್ರ ಯಾರೂ ಇರಲಿಲ್ಲ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಾನು ವೈದ್ಯೆ. ಮೊದಲ ಒಂಬತ್ತು ವರ್ಷ ಉಪವಾಸ ಚಿಕಿತ್ಸೆಯ ಒಳರೋಗಿ ವಿಭಾಗದಲ್ಲಿದ್ದೆ. ಆಮೇಲಿನ ಹದಿನಾಲ್ಕು ವರ್ಷ ಸಂಶೋಧನೆಯಲ್ಲಿ ಕಳೆದಿವೆ. 'ಲಂಘನಂ ಪರಮೌಷಧಂ' ಎಂಬ ಮಾತನ್ನು ಮನಸಾರೆ ನಂಬಿ ಈ ಕೆಲಸಕ್ಕೆ ಬಂದವಳು. ಆ ನಂಬಿಕೆಯನ್ನು ನಾನು ಬಿಟ್ಟುಕೊಟ್ಟಿಲ್ಲ. ಆದರೆ ಅದನ್ನು ಅಳೆದು ನೋಡುವುದನ್ನು ನನಗೆ ಕಲಿಸಿದವರು ಇಬ್ಬರು ರೋಗಿಗಳು ಮತ್ತು ಒಬ್ಬ ಸಂಖ್ಯಾಶಾಸ್ತ್ರಜ್ಞರು.

ಮೊದಲನೆಯವರು ಐವತ್ತರ ಆಸುಪಾಸಿನ ಒಬ್ಬ ಗೃಹಸ್ಥರು. ರಕ್ತದೊತ್ತಡಕ್ಕಾಗಿ ಬಂದು ಹನ್ನೊಂದು ದಿನ ನೀರಿನ ಉಪವಾಸ ಮಾಡಿದರು. ಉಪವಾಸದ ದಿನಗಳಲ್ಲಿ ನಾವೆಲ್ಲ ಮೈಯೆಲ್ಲ ಕಣ್ಣಾಗಿರುತ್ತಿದ್ದೆವು. ಮೊದಲ ದಿನ ಕಳೆಯುವಷ್ಟರಲ್ಲಿ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಬಹುಪಾಲು ಕರಗಿರುತ್ತದೆ. ಎರಡನೆಯ, ಮೂರನೆಯ ದಿನ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಏರುತ್ತದೆ. ಇನ್ಸುಲಿನ್ ಇಳಿದಿರುವುದರಿಂದ ಮೂತ್ರದಲ್ಲಿ ಉಪ್ಪು ಹರಿದುಹೋಗುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ, ರಕ್ತದೊತ್ತಡ ತಗ್ಗುತ್ತದೆ. ಆ ದಿನಗಳಲ್ಲಿ ಹಾಸಿಗೆಯಿಂದ ದಡಬಡಿಸಿ ಎದ್ದವರಿಗೆ ಕಣ್ಣು ಕತ್ತಲಿಡುವುದು ಇದರಿಂದಲೇ. ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ರಕ್ತದೊತ್ತಡ, ನಾಡಿ, ತೂಕ, ಕುಡಿದ ನೀರು, ಹೋದ ಮೂತ್ರ, ಎಲ್ಲವನ್ನೂ ಬರೆಯುತ್ತಿದ್ದೆವು. ಆ ಗೃಹಸ್ಥರ ಹನ್ನೊಂದು ದಿನಗಳೂ ಹೂವೆತ್ತಿದಂತೆ ಕಳೆದವು. ಹನ್ನೆರಡನೆಯ ದಿನ ಬೆಳಗ್ಗೆ ಹಣ್ಣಿನ ರಸ ಕೊಟ್ಟು ಉಪವಾಸ ಬಿಡಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಮಟ್ಟಿಗೆ ಚಿಕಿತ್ಸೆ ಅಲ್ಲಿಗೆ ಮುಗಿದಿತ್ತು.

ಊಟ ಆರಂಭವಾದ ಮೂರನೆಯ ದಿನ ಸಂಜೆ ಅವರ ಕೋಣೆಗೆ ಹೋದೆ. ಸೂಪಿನ ಬಟ್ಟಲು ಮುಂದಿತ್ತು, ಚಮಚ ಕೈಯಲ್ಲಿತ್ತು. ಚಮಚ ಬಾಯಿಯ ಹತ್ತಿರ ಬರುವಷ್ಟರಲ್ಲಿ ಕೈ ನಡುಗಿ ಸೂಪು ಎದೆಯ ಮೇಲೆ ಚೆಲ್ಲಿತು. "ಕೈಯಲ್ಲಿ ಕಸುವೇ ಇಲ್ಲ ಡಾಕ್ಟರೇ, ಉಪವಾಸದಲ್ಲಿ ಇದಕ್ಕಿಂತ ಗಟ್ಟಿಯಾಗಿದ್ದೆ" ಎಂದರು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದೆ. ಕುಳಿ ಬಿದ್ದು ಹಾಗೆಯೇ ನಿಂತಿತು. ರಕ್ತದಲ್ಲಿ ರಂಜಕ ಡೆಸಿಲೀಟರಿಗೆ 1.1 ಮಿಲಿಗ್ರಾಂ ಇತ್ತು. ಕನಿಷ್ಠ 2.5 ಇರಬೇಕು. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ರಕ್ತನಾಳದ ಮೂಲಕ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕೊಟ್ಟರು, ಥಯಾಮಿನ್ (ಬಿ1 ವಿಟಮಿನ್) ಕೊಟ್ಟರು. ಅವರು ಬದುಕಿಕೊಂಡರು.

ಮರುದಿನ ಅವರ ಕಡತ ತೆಗೆದು ನೋಡಿದೆ. ಉಪವಾಸದ ಹನ್ನೊಂದು ದಿನಕ್ಕೆ ಹನ್ನೊಂದು ತುಂಬಿದ ಹಾಳೆಗಳಿದ್ದವು. ಊಟ ಮಾಡಿದ ಮೂರು ದಿನಕ್ಕೆ ಸೇರಿ ಅರ್ಧ ಹಾಳೆ. ಅದರಲ್ಲಿಯೂ ನನ್ನದೇ ಕೈಬರಹದಲ್ಲಿ "ಆಹಾರ ಚೆನ್ನಾಗಿ ಸೇವಿಸುತ್ತಿದ್ದಾರೆ" ಎಂದಷ್ಟೇ ಇತ್ತು.

ಹೀಗೇಕಾಗುತ್ತದೆ ಎಂಬುದು ನಿಮಗೆ ಗೊತ್ತಿರಬಹುದು, ಆದರೂ ಇತರ ಓದುಗರಿಗಾಗಿ ಹೇಳುತ್ತೇನೆ. ದೀರ್ಘ ಉಪವಾಸದಲ್ಲಿ ದೇಹದ ಒಟ್ಟು ರಂಜಕ ಖಾಲಿಯಾಗುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಸರಿಯಾಗಿಯೇ ಕಾಣುತ್ತದೆ. ಪಿಷ್ಟ, ಸಕ್ಕರೆ ಹೊಟ್ಟೆಗೆ ಬಿದ್ದೊಡನೆ ಇನ್ಸುಲಿನ್ ಏರುತ್ತದೆ, ಜೀವಕೋಶಗಳು ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ರಕ್ತದಿಂದ ಒಳಗೆ ಎಳೆದುಕೊಳ್ಳುತ್ತವೆ. ಸ್ನಾಯು ಸೋಲುತ್ತದೆ, ಹೃದಯದ ಬಡಿತ ತಪ್ಪಬಹುದು, ಉಸಿರಾಟ ಸೋಲಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ, ಹಸಿದು ಕಂಗಾಲಾಗಿದ್ದ ಕೈದಿಗಳಿಗೆ ಊಟ ಕೊಟ್ಟ ಮೇಲೆ ಆದ ಅನಾಹುತಗಳಿಂದ ವೈದ್ಯರು ಇದನ್ನು ಕಲಿತಿದ್ದರು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2006ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, 10 ದಿನಕ್ಕಿಂತ ಹೆಚ್ಚು ಕಾಲ ಏನೂ ತಿನ್ನದವರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 10 ಕಿಲೋಕ್ಯಾಲೊರಿ ಮೀರದಂತೆ ಆರಂಭಿಸಿ, 4ರಿಂದ 7 ದಿನಗಳಲ್ಲಿ ನಿಧಾನವಾಗಿ ಏರಿಸಬೇಕು, ಊಟಕ್ಕೆ ಮೊದಲೇ ಥಯಾಮಿನ್ ಕೊಡಬೇಕು ಎಂದಿದೆ.

ಈಗ ನಿಮ್ಮ ಗುರುಗಳ ಮಾತಿಗೆ ಬರುತ್ತೇನೆ. ಅಂದು ನಮ್ಮ ವಿಭಾಗದಲ್ಲಿ ಮೂವರು ವೈದ್ಯರಿದ್ದೆವು, ಆಹಾರತಜ್ಞರು ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಮೊದಲ ದಿನದ ರಸದ ಲೋಟವನ್ನೇ ಲೆಕ್ಕ ಹಾಕಿರುತ್ತಿದ್ದರು. ಕೊಳವೆಯಲ್ಲಿ ಆಹಾರ ಶುರು ಮಾಡುವಾಗ ರಂಜಕ ಎಲ್ಲಿ ನಿಂತಿದೆ ಎಂದು ನೀವು ದಿನಾ ನೋಡುವವರು. ಉಪವಾಸ ಚಿಕಿತ್ಸೆಯಲ್ಲಿ ಜೀವಕ್ಕೆ ಕುತ್ತು ಬರುವ ಆ ವಾರ ನಿಮ್ಮ ವಿದ್ಯೆಗೆ ಸೇರಿದ್ದು. ಕ್ಯಾಲೊರಿ ಎಣಿಸುವವಳು ಎಂದು ನಿಮ್ಮನ್ನು ಯಾರೂ ಕಿರಿದಾಗಿಸದಿರಲಿ.

ಎರಡನೆಯ ಪಾಠ ಇದಕ್ಕಿಂತ ನಿಧಾನವಾಗಿ ಬಂತು. ನನ್ನ ಬಳಿ ಒಂದು ದಪ್ಪ ಪುಸ್ತಕವಿತ್ತು. ಗುಣವಾಗಿ ಹೋದವರ ವಿವರಗಳನ್ನು ಅಕ್ಕರೆಯಿಂದ ಬರೆದಿಟ್ಟಿದ್ದೆ. ಮಾತ್ರೆ ಬಿಟ್ಟವರು, ಮಂಡಿನೋವು ಕಳೆದುಕೊಂಡವರು, ತೂಕ ಇಳಿಸಿಕೊಂಡವರು. ಇದನ್ನೆಲ್ಲ ಲೇಖನವಾಗಿಸಬೇಕೆಂದು ಒಬ್ಬ ಸಂಖ್ಯಾಶಾಸ್ತ್ರಜ್ಞರ ಬಳಿಗೆ ಹೋದೆ. ಅವರು ಪುಟಗಳನ್ನು ನಿಧಾನವಾಗಿ ತಿರುವಿ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಬಾರದವರು ಎಷ್ಟು ಜನ, ಅವರು ಈಗ ಹೇಗಿದ್ದಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ದಾಖಲಾತಿಯ ಪುಸ್ತಕ ಹಿಡಿದು ಎರಡು ವಾರ ಕುಳಿತು ಎಣಿಸಿದೆ. ಬಂದವರಲ್ಲಿ ಅರ್ಧಕ್ಕೂ ಕಡಿಮೆ ಜನ ನನ್ನ ಪುಸ್ತಕದಲ್ಲಿದ್ದರು. ಉಳಿದವರಿಗೆ ಫೋನ್ ಮಾಡತೊಡಗಿದೆ. ಕೆಲವರು ಚೆನ್ನಾಗಿಯೇ ಇದ್ದರು, ಬರುವ ಅಗತ್ಯ ಕಾಣಲಿಲ್ಲ ಎಂದರು. ಕೆಲವರ ಸಂಖ್ಯೆ ಬದಲಾಗಿತ್ತು. ಒಬ್ಬ ಮಹಿಳೆ ಬಹಳ ಹೊತ್ತು ಮಾತಾಡದೆ, ಆಮೇಲೆ ಹೇಳಿದರು: "ಇಳಿದ ತೂಕವೆಲ್ಲ ನಾಲ್ಕು ತಿಂಗಳಲ್ಲಿ ತಿರುಗಿ ಬಂತು, ಇನ್ನೂ ಎರಡು ಕಿಲೋ ಹೆಚ್ಚೇ ಬಂತು. ನೀವು ಅಷ್ಟು ಪ್ರೀತಿಯಿಂದ ನೋಡಿಕೊಂಡಿದ್ದಿರಿ. ಮುಖ ತೋರಿಸಲು ನಾಚಿಕೆಯಾಯಿತು." ಫೋನ್ ಇಟ್ಟ ಮೇಲೆ ಆ ಪುಸ್ತಕವನ್ನು ಮತ್ತೆ ತೆರೆಯಲು ನನಗೆ ತುಂಬ ದಿನ ಹಿಡಿಯಿತು. ನಮ್ಮ ಚಿಕಿತ್ಸೆ ಫಲಿಸದಿದ್ದಾಗ ಅವರು ತಮ್ಮನ್ನೇ ತಪ್ಪಿತಸ್ಥರೆಂದುಕೊಂಡಿದ್ದರು. ನನ್ನ ಲೆಕ್ಕದಲ್ಲಿ ಅವರು ಇರಲೇ ಇಲ್ಲ.

ಅಲ್ಲಿಂದ ನಾನು ಸಂಶೋಧನೆಗೆ ಹೊರಳಿದೆ. ಹಳೆಯ ಕೆಲಸಗಳನ್ನು ಓದುವಾಗಲೂ ಆ ಒಂದೇ ಪ್ರಶ್ನೆ ಹಿಡಿದು ಓದತೊಡಗಿದೆ. 1912ರಲ್ಲಿ ಬಾಸ್ಟನ್ನಿನ ಕಾರ್ನೆಗಿ ಪೋಷಣಾ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ 31 ದಿನ ಉಪವಾಸವಿದ್ದ ಲೆವನ್ಜಿನ್ ಎಂಬವರ ದೇಹವನ್ನು ದಿನದಿನವೂ ಅಳೆದರು. ಅದ್ಭುತವಾದ ಕೆಲಸ, ಆದರೆ ವ್ಯಕ್ತಿ ಒಬ್ಬರೇ. 1967ರಲ್ಲಿ ಓವೆನ್, ಕೇಹಿಲ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಮೂವರನ್ನು ಪರೀಕ್ಷಿಸಿ, ಗ್ಲೂಕೋಸ್ ಬಿಟ್ಟರೆ ಬೇರೇನನ್ನೂ ಬಳಸದು ಎಂದು ತಿಳಿದಿದ್ದ ಮೆದುಳು ಕೀಟೋನ್‌ಗಳಿಂದಲೇ ಹೆಚ್ಚಿನ ಶಕ್ತಿ ಪಡೆಯುತ್ತದೆ ಎಂದು ತೋರಿಸಿದರು. ದೇಹ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಮೂವರು ಸಾಕು. ಈ ಚಿಕಿತ್ಸೆ ಜನರಿಗೆ ಒಳಿತು ಮಾಡುತ್ತದೆಯೇ ಎಂದು ತಿಳಿಯಲು ಸಾಲದು. ನಿಮ್ಮ ನಿದ್ದೆ ಕೆಡಿಸಿದ ಬಾರ್ಬಿಯೆರಿಯವರ ಪ್ರಕರಣವೂ ಹಾಗೆಯೇ. ಅವರಿಗೆ ವಿಟಮಿನ್ ಕೊಡುತ್ತಿದ್ದರು, ಕೆಲಕಾಲ ಪೊಟ್ಯಾಸಿಯಂ ಕೊಟ್ಟರು, ರಕ್ತ ಪರೀಕ್ಷಿಸುತ್ತಲೇ ಇದ್ದರು. ಅದೇ ದಶಕದಲ್ಲಿ ಬೊಜ್ಜಿಗಾಗಿ ಆಸ್ಪತ್ರೆಯಲ್ಲಿ ದೀರ್ಘ ಉಪವಾಸ ಮಾಡಿಸಿಕೊಂಡ ಕೆಲವರು ಸತ್ತ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. 382 ದಿನದ ಕಥೆ ಎಲ್ಲರ ಬಾಯಲ್ಲಿದೆ, ಆ ಕೆಲವರ ಕಥೆ ಯಾರ ಬಾಯಲ್ಲಿಯೂ ಇಲ್ಲ. ದಯವಿಟ್ಟು ಅವನ್ನೂ ಹುಡುಕಿ ಓದಿ.

ಗೋಲ್ಡ್‌ಹ್ಯಾಮರ್ ಮತ್ತು ಸಂಗಡಿಗರ 2001ರ ಲೇಖನವನ್ನು ನಾನೂ ಮೆಚ್ಚುತ್ತೇನೆ. ರಕ್ತದೊತ್ತಡವಿದ್ದ 174 ಜನ, ಸರಾಸರಿ ಹತ್ತೂವರೆ ದಿನಗಳ ನೀರಿನ ಉಪವಾಸ, ಆಮೇಲೆ ಸುಮಾರು ಒಂದು ವಾರ ನಿಗಾದಲ್ಲಿ ಊಟ, ರಕ್ತದೊತ್ತಡದಲ್ಲಿ ಸರಾಸರಿ 37/13ರಷ್ಟು ಇಳಿಕೆ. ತಾವು ಕೊಡುವ ಚಿಕಿತ್ಸೆಯ ದಾಖಲೆಯನ್ನು ಹೊರಗಿನವರ ಕಣ್ಣಿಗೆ ಒಡ್ಡುವುದು ಸಣ್ಣ ಧೈರ್ಯವಲ್ಲ. ಆದರೆ ಅದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಉಪವಾಸವಿಲ್ಲದೆ ಅಷ್ಟೇ ದಿನ ವಿಶ್ರಾಂತಿಯಲ್ಲಿದ್ದು, ಉಪ್ಪು ಕಡಿಮೆಯ ಊಟ ಮಾಡಿದವರಿಗೆ ಎಷ್ಟು ಇಳಿಯುತ್ತಿತ್ತು, ಆರು ತಿಂಗಳ ಮೇಲೆ ಎಷ್ಟು ಉಳಿಯಿತು ಎಂಬ ಪ್ರಶ್ನೆಗಳಿಂದಲೇ ನಿಮ್ಮಂಥವರ ಕೆಲಸ ಆರಂಭವಾಗುತ್ತದೆ.

ಹೋಲಿಕೆಯ ಗುಂಪು ಇಟ್ಟಾಗ ಏನಾಗುತ್ತದೆ ಎಂಬುದಕ್ಕೆ 2017ರ ಒಂದು ಅಧ್ಯಯನ ನೋಡಿ. 100 ಜನರನ್ನು ಮೂರು ಗುಂಪು ಮಾಡಿ, ದಿನ ಬಿಟ್ಟು ದಿನದ ಉಪವಾಸವನ್ನೂ ಪ್ರತಿದಿನ ಕಡಿಮೆ ತಿನ್ನುವುದನ್ನೂ ಒಂದು ವರ್ಷ ಹೋಲಿಸಿದರು; ಮೂರನೆಯದು ಎಂದಿನಂತೆ ತಿನ್ನುವ ಹೋಲಿಕೆಯ ಗುಂಪು. ತೂಕದ ಇಳಿಕೆ ಹೆಚ್ಚುಕಡಿಮೆ ಒಂದೇ, 6.0 ಮತ್ತು 5.3 ಶೇಕಡಾ. ಆದರೆ ಮಧ್ಯದಲ್ಲಿ ಬಿಟ್ಟುಹೋದವರು ಉಪವಾಸದ ಗುಂಪಿನಲ್ಲಿ ಶೇ 38, ಇನ್ನೊಂದರಲ್ಲಿ ಶೇ 29. ನಾನು ಯಾವುದೇ ಲೇಖನ ಕೈಗೆತ್ತಿಕೊಂಡರೂ ಮೊದಲು ಓದುವುದು ಬಿಟ್ಟುಹೋದವರ ಸಾಲನ್ನೇ.

ಆದ್ದರಿಂದ ನನ್ನ ಸಲಹೆ ನೇರವಾಗಿದೆ. ಸಂಬಳದ ಪೆಟ್ಟು ತಡೆದುಕೊಳ್ಳುವ ಸ್ಥಿತಿಯಲ್ಲಿದ್ದರೆ ಅಧ್ಯಯನದ ಕೆಲಸಕ್ಕೆ ಹೋಗಿ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಅಧ್ಯಯನವನ್ನು ನೋಂದಾಯಿಸುವುದು, ನೀತಿ ಸಮಿತಿಯ ಮುಂದೆ ನಿಲ್ಲುವುದು, ಒಪ್ಪಿಗೆ ಪತ್ರವನ್ನು ಓದು ಬಾರದವರಿಗೂ ಅರ್ಥವಾಗುವಂತೆ ಬರೆಯುವುದು, ಇವೆಲ್ಲ ಕೈಯಾರೆ ಮಾಡಿಯೇ ಕಲಿಯಬೇಕಾದವು. ಶಿಬಿರದ ಕಡೆಗೇ ಮನಸ್ಸು ವಾಲುತ್ತಿದ್ದರೆ, ಸಹಿ ಹಾಕುವ ಮುನ್ನ ಅಲ್ಲಿ ಕೇಳಿ: ರಾತ್ರಿ ವೈದ್ಯರು ಇರುತ್ತಾರೆಯೇ? ಊಟ ಆರಂಭವಾದ ಮೇಲೆ ಎಷ್ಟು ದಿನ ರಕ್ತಪರೀಕ್ಷೆ ಮಾಡುತ್ತೀರಿ? ಹೋದ ವರ್ಷ ನಡುವೆಯೇ ಹೊರಟುಹೋದವರ ಪಟ್ಟಿ ತೋರಿಸುತ್ತೀರಾ?

ಅಡುಗೆಮನೆಯ ತಕ್ಕಡಿ

ಮೇಲಿನ ಮೇಡಂ ಹೇಳಿದ್ದಕ್ಕೆ ಪಥ್ಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಪಥ್ಯ ಸಂಶೋಧನಾ ಕೇಂದ್ರವೊಂದರ ಅಡುಗೆಮನೆಯಲ್ಲಿ ಎಂಟು ವರ್ಷಗಳಿಂದ ಅಳತೆಯ ಜವಾಬ್ದಾರಿ ಹೊತ್ತಿದ್ದೇನೆ. ಭಾಗವಹಿಸುವವರ ಪ್ರತಿ ತಟ್ಟೆಯನ್ನೂ ಬಡಿಸುವ ಮೊದಲು ತೂಗುತ್ತೇವೆ, ತಿಂದು ಬಿಟ್ಟದ್ದನ್ನು ಬಟ್ಟಲು ಬಟ್ಟಲಾಗಿ ತೂಗುತ್ತೇವೆ. ಸೌಟಿಗೆ ಅಂಟಿದ ಎಣ್ಣೆಯನ್ನೂ ಒರೆಸಿ ತೂಗಿದ ದಿನಗಳಿವೆ.

ಇಷ್ಟೊಂದು ಯಾಕೆ ಎಂದರೆ, ಜನ ತಾವು ತಿಂದದ್ದನ್ನು ಬರೆದಿಡುವುದನ್ನು ನಂಬಿ ಕೂರಲು ಆಗುವುದಿಲ್ಲ. 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ 10 ಜನರ ನಿಜವಾದ ಶಕ್ತಿಯ ಖರ್ಚನ್ನು ಐಸೋಟೋಪ್ ನೀರಿನ ವಿಧಾನದಿಂದ (ಗುರುತು ಹಚ್ಚಿದ ನೀರು ಕುಡಿಸಿ, ಅದು ದೇಹದಿಂದ ಹೊರಹೋಗುವ ವೇಗ ನೋಡಿ) ಅಳೆದರು. ಅವರು ಬರೆದುಕೊಟ್ಟ ಆಹಾರ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ ಶೇ 47ರಷ್ಟು ಕಡಿಮೆ ಇತ್ತು. ಅವರು ಸುಳ್ಳುಗಾರರಲ್ಲ. ಊಟದ ನೆನಪು ಹಾಗೆಯೇ ಇರುತ್ತದೆ, ನನ್ನದೂ ನಿಮ್ಮದೂ ಸೇರಿ. ಕೆವಿನ್ ಹಾಲ್ ಅವರ ತಂಡ 2019ರಲ್ಲಿ 20 ಜನರನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡು, ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟಿತು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದು ಬಿಟ್ಟಾಗ ಮೊದಲನೆಯದರಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಆ ಅಂತರ ಕಂಡದ್ದು ಅಡುಗೆಮನೆಯ ತಕ್ಕಡಿಯಿಂದ. ವಾರ್ಡಿನಲ್ಲಿ ನಾಲ್ಕು ವರ್ಷ ತಟ್ಟೆ ನೋಡಿದ ನಿಮ್ಮ ಕಣ್ಣು ಇಂಥ ಕಡೆ ಬಹಳ ಬೆಲೆ ಬಾಳುತ್ತದೆ.

ನೇರ ನುಡಿ

ಇಷ್ಟೆಲ್ಲ ಅಧ್ಯಯನದ ಅಗತ್ಯವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಉಪವಾಸದಲ್ಲಿ ಜೀವಕೋಶಗಳು ತಮ್ಮ ಕಸವನ್ನು ತಾವೇ ತಿಂದು ಶುದ್ಧವಾಗುತ್ತವೆ ಎಂಬುದಕ್ಕೆ 2016ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂದಿದೆ. ಮೂರು ದಿನ ಉಪವಾಸ ಮಾಡಿ ನೋಡಿ, ದೇಹವೇ ಉತ್ತರ ಹೇಳುತ್ತದೆ. ನಾನು ವರ್ಷಕ್ಕೆ ನಾಲ್ಕು ಬಾರಿ ಮಾಡುತ್ತೇನೆ, ಆರೋಗ್ಯವಾಗಿದ್ದೇನೆ.

ಹನ್ನೆರಡನೆಯ ಹಾಳೆ

ನೀವು ಆರೋಗ್ಯವಾಗಿರುವುದು ಸಂತೋಷ. ಆದರೆ ಆ ಪ್ರಶಸ್ತಿ ಯೋಶಿನೊರಿ ಒಸುಮಿ ಅವರಿಗೆ ಬಂದದ್ದು ಯೀಸ್ಟ್ ಕೋಶಗಳಲ್ಲಿ ಸ್ವಭಕ್ಷಣೆ ಹೇಗೆ ನಡೆಯುತ್ತದೆ, ಯಾವ ಜೀನ್‌ಗಳು ಅದನ್ನು ನಡೆಸುತ್ತವೆ ಎಂದು ಕಂಡುಹಿಡಿದದ್ದಕ್ಕೆ. ಮನುಷ್ಯ ಮೂರು ದಿನ ಉಪವಾಸವಿದ್ದರೆ ಯಾವ ರೋಗ ಎಷ್ಟು ವಾಸಿಯಾಗುತ್ತದೆ ಎಂಬುದನ್ನು ಆ ಕೆಲಸ ಹೇಳುವುದಿಲ್ಲ.

ಇದನ್ನು ಓದುತ್ತಿರುವವರಲ್ಲಿ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಇರಬಹುದು, ಆದ್ದರಿಂದ ಇಷ್ಟು ಹೇಳಲೇಬೇಕು. ಇನ್ಸುಲಿನ್ ಅಥವಾ ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆ ನುಂಗಿ ಉಪವಾಸವಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಮಾತ್ರೆಗಳಲ್ಲಿ, ಸಕ್ಕರೆ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗಿ ಜೀವಕ್ಕೆ ಎರವಾಗಬಹುದು. ಉಪವಾಸದಲ್ಲಿ ಯೂರಿಕ್ ಆಮ್ಲ ಏರುವುದರಿಂದ ಗೌಟ್ ಇರುವವರಿಗೆ ಕೀಲುನೋವು ಮರುಕಳಿಸಬಹುದು. ಗರ್ಭಿಣಿಯರು, ಊಟದ ಬಗ್ಗೆ ಭಯ ಅಥವಾ ಗೀಳು ಇದ್ದವರು ಇದರ ಹತ್ತಿರವೂ ಹೋಗಬಾರದು. ಒಬ್ಬರ ದೇಹ ಹೇಳಿದ ಉತ್ತರವನ್ನು ಇನ್ನೊಬ್ಬರ ದೇಹಕ್ಕೆ ಹಚ್ಚಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹೋಲಿಕೆಯ ಗುಂಪಿನವನು

ನಾನು ವೈದ್ಯನೂ ಅಲ್ಲ, ಸಂಶೋಧಕನೂ ಅಲ್ಲ. ಎಂಟು ಗಂಟೆಯ ಅವಧಿಯೊಳಗೆ ಮಾತ್ರ ಊಟ ಮಾಡುವ ಒಂದು ಅಧ್ಯಯನದಲ್ಲಿ ಭಾಗವಹಿಸಿದ್ದೆ. ತೂಕ ಇಳಿಸಿಕೊಳ್ಳುವ ಆಸೆಯಿಂದ ಹೋದವನಿಗೆ ಚೀಟಿಯಲ್ಲಿ ಬಂದದ್ದು ಹೋಲಿಕೆಯ ಗುಂಪು. ಅಂದರೆ ಮೊದಲಿನಂತೆಯೇ ಮೂರು ಹೊತ್ತು ತಿನ್ನುತ್ತಿರಬೇಕು. ಬಹಳ ನಿರಾಸೆಯಾಯಿತು. ಎರಡನೆಯ ಭೇಟಿಗೆ ಹೋಗಲೇ ಇಲ್ಲ.

ಮರುದಿನ ಅಲ್ಲಿನ ಸಹಾಯಕಿ ಫೋನ್ ಮಾಡಿದರು. "ಯಾಕೆ ಬರಲಿಲ್ಲ" ಎಂದು ಕೇಳಲಿಲ್ಲ. "ನೀವಿಲ್ಲದಿದ್ದರೆ ಉಪವಾಸದವರಿಗೆ ಆದ ಲಾಭ ಉಪವಾಸದ್ದೇ ಹೌದೇ ಎಂದು ನಮಗೆ ತಿಳಿಯುವುದೇ ಇಲ್ಲ ಸರ್" ಎಂದರು. ಅಲ್ಲಿಯವರೆಗೆ ಯಾರೂ ನನಗೆ ಹಾಗೆ ಬಿಡಿಸಿ ಹೇಳಿರಲಿಲ್ಲ. ಆಮೇಲೆ ಒಂದು ಭೇಟಿಯನ್ನೂ ತಪ್ಪಿಸಲಿಲ್ಲ. ತಕ್ಕಡಿಯ ಮೇಲೆ ನಿಂತಾಗ ಅವರು ಸಂಖ್ಯೆಯನ್ನು ಜೋರಾಗಿ ಓದುತ್ತಿರಲಿಲ್ಲ, ಬರೆದುಕೊಂಡು ನನಗೆ ತೋರಿಸುತ್ತಿದ್ದರು. ಹಿಂದೆ ಸಾಲಿನಲ್ಲಿ ಬೇರೆಯವರು ನಿಂತಿರುತ್ತಿದ್ದರಲ್ಲ, ಅದಕ್ಕೆ. ತಂಗಿ, ನೀವು ಈ ಕೆಲಸಕ್ಕೆ ಹೋದರೆ ಇದನ್ನು ನೆನಪಿಟ್ಟುಕೊಳ್ಳಿ.

ವಾರ್ಡಿನ ಆಹಾರತಜ್ಞೆ

ಎಲ್ಲರಿಗೂ ಹೃದಯತುಂಬಿ ಧನ್ಯವಾದ. ಮೇಡಂ, ನೀವು ಹೇಳಿದ ಮೂರು ಪ್ರಶ್ನೆಗಳನ್ನು ಶಿಬಿರದವರಿಗೆ ಕೇಳಿದೆ. ರಾತ್ರಿ ವೈದ್ಯರು ಇರುವುದಿಲ್ಲ, ಫೋನ್ ಮಾಡಿದರೆ ಬರುತ್ತಾರಂತೆ. ಊಟ ಆರಂಭಿಸಿದ ದಿನವೇ ಜನರನ್ನು ಮನೆಗೆ ಕಳುಹಿಸುತ್ತಾರೆ. ನಡುವೆ ಹೋದವರ ಪಟ್ಟಿ ಇಟ್ಟಿಲ್ಲ, "ಅವರು ಮನಸ್ಸು ಗಟ್ಟಿ ಇಲ್ಲದವರು" ಎಂದರು. ಆ ಮಾತು ಕೇಳಿದೊಡನೆ ನಿಮಗೆ ಫೋನಿನಲ್ಲಿ ಉತ್ತರಿಸಿದ ಆ ಮಹಿಳೆ ನೆನಪಾದರು.

ಅಧ್ಯಯನದ ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಮುಂದಿನ ತಿಂಗಳು ಸೇರಬೇಕು. ನನಗೆ ಮೊದಲು ಒಪ್ಪಿಸುತ್ತಿರುವುದು ಭೇಟಿ ತಪ್ಪಿಸಿದವರನ್ನು ಸಂಪರ್ಕಿಸುವ ಕೆಲಸ. ಹೇಗೆ ಮಾತು ಆರಂಭಿಸಬೇಕು ಎಂಬುದೇ ತಿಳಿಯುತ್ತಿಲ್ಲ.

ಹನ್ನೆರಡನೆಯ ಹಾಳೆ

ನಿಮ್ಮ ನಿರ್ಧಾರ ಓದಿ ಕಣ್ಣು ತುಂಬಿ ಬಂತು. ಅವರು ನಿಮಗೆ ಕೊಟ್ಟಿರುವುದು ಇಡೀ ಅಧ್ಯಯನದಲ್ಲಿಯೇ ಮುಖ್ಯವಾದ ಕೆಲಸ.

ಮೊದಲು ಪಟ್ಟಿಯನ್ನು ಎರಡಾಗಿ ಬೇರ್ಪಡಿಸಿ. ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದು, ಇನ್ನು ಸಂಪರ್ಕಿಸಬೇಡಿ ಎಂದು ಹೇಳಿಹೋದವರಿಗೆ ಫೋನ್ ಮಾಡಬಾರದು. ಅದು ಅವರ ಹಕ್ಕು. ಸುಮ್ಮನೆ ಬಾರದೆ ಇದ್ದವರಿಗೆ ಮಾಡಿ. ಊಟದ ಅವಧಿ ಪಾಲಿಸಿದಿರಾ ಎಂದು ಆರಂಭಿಸಿದರೆ ಅಲ್ಲಿಗೇ ಮಾತು ಮುರಿಯುತ್ತದೆ. ನಾನು ಹೆಸರು ಹೇಳಿ, "ಹೇಗಿದ್ದೀರಿ, ಮಾತಾಡಲು ಈಗ ಬಿಡುವಿದೆಯೇ" ಎಂದು ಕೇಳಿ ಸುಮ್ಮನಾಗುತ್ತೇನೆ. ಆಮೇಲೆ, "ಪಥ್ಯ ಬಿಟ್ಟಿದ್ದರೂ ತೂಕ ತೋರಿಸಲು ಬನ್ನಿ, ಬಿಟ್ಟವರ ತೂಕವೂ ನಮಗೆ ಬೇಕು" ಎನ್ನುತ್ತೇನೆ. ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. "ವೈಯಕ್ತಿಕ ಕಾರಣ" ಎಂದು ಬರೆದರೆ ಎಲ್ಲ ಕಾರಣಗಳೂ ಒಂದೇ ಆಗಿಬಿಡುತ್ತವೆ. "ರಾತ್ರಿ ಪಾಳಿ, ಊಟದ ಅವಧಿಗೂ ಕೆಲಸದ ಅವಧಿಗೂ ತಾಳೆಯಾಗಲಿಲ್ಲ" ಎಂದು ಬರೆದರೆ ಮುಂದಿನ ಅಧ್ಯಯನದ ರೂಪವೇ ಬದಲಾಗುತ್ತದೆ.

ಸಂಜೆ ಆರೂವರೆಯ ಮೇಲೆ ಮಾಡಿ. ಕೆಲಸದ ಜಾಗದಲ್ಲಿ, ಹತ್ತು ಜನರ ನಡುವೆ, ಯಾರೂ ತಮ್ಮ ತೂಕದ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ.